ಅತ್ತೆ-ಮಾವನ ಜೊತೆ ಡಿಸ್ನಿ ವರ್ಲ್ಡ್: ವೀಲ್‌ಚೇರಾ, ಸ್ಕೂಟರಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾವಿರುವುದು ಅಟ್ಲಾಂಟಾದಲ್ಲಿ. ಮೈಸೂರಿನಿಂದ ಅತ್ತೆ-ಮಾವ ಬಂದಿದ್ದಾರೆ. ಜೂನ್ ಕೊನೆಗೆ ಮಕ್ಕಳನ್ನೂ ಕರೆದುಕೊಂಡು ಕಾರಲ್ಲೇ ಆರ್ಲ್ಯಾಂಡೊಗೆ ಹೋಗಿ ನಾಲ್ಕು ದಿನ ಡಿಸ್ನಿ ವರ್ಲ್ಡ್ ನೋಡುವ ಯೋಚನೆ. ಅತ್ತೆಗೆ 71, ಎರಡೂ ಮಂಡಿ ಸವೆದಿದೆ. ಮನೆಯೊಳಗೆ ಓಡಾಡುತ್ತಾರೆ, ಹೊರಗೆ ಹತ್ತು ನಿಮಿಷ ನಡೆದರೆ ಕೂರಬೇಕು. ವೀಲ್‌ಚೇರ್ ಅಂದ್ರೆ "ನಾನೇನು ಆಸ್ಪತ್ರೆ ಸೇರಿದ್ದೀನಾ" ಅಂತ ಮುಖ ತಿರುಗಿಸುತ್ತಾರೆ. ಮಾವನಿಗೆ 74, ಸೊಂಟ ನೋವು. ಅಲ್ಲಿ ಕರೆಂಟ್ ಸ್ಕೂಟರ್ ಬಾಡಿಗೆಗೆ ಸಿಗುತ್ತೆ ಅಂತ ಕೇಳಿ ಕುಣಿಯುತ್ತಿದ್ದಾರೆ, ಮೂವತ್ತು ವರ್ಷ ಬಜಾಜ್ ಓಡಿಸಿದವರು. ಯಾರಿಗೆ ಯಾವುದು ಕೊಡಲಿ? ವೀಲ್‌ಚೇರ್ ಇದ್ದರೆ ಕ್ಯೂ ಇಲ್ಲದೆ ಬಿಡುತ್ತಾರಂತೆ, ನಿಜಾನಾ?

ಉತ್ತರ: ಮೊದಲಿಗೆ, ನಾನು ಡಾಕ್ಟರ್ ಅಲ್ಲಮ್ಮ, ಆಕ್ಯುಪೇಷನಲ್ ಥೆರಪಿಸ್ಟ್. ಎದ್ದು ಕೂರುವುದು, ಹತ್ತಿ ಇಳಿಯುವುದು, ಸ್ನಾನ, ಅಡಿಗೆ, ಇವನ್ನೆಲ್ಲ ಜನ ಮತ್ತೆ ತಾವೇ ಮಾಡಿಕೊಳ್ಳುವ ಹಾಗೆ ಮಾಡುವುದು ನನ್ನ ಕೆಲಸ.

ಅತ್ತೆಯವರಿಗೆ ತಳ್ಳುವ ವೀಲ್‌ಚೇರೇ ಸರಿ. ಅವರಿಗೆ ಕಾಯಿಲೆಯ ಮಾತೇ ಎತ್ತಬೇಡಿ, ದೂರದ ಲೆಕ್ಕ ಹೇಳಿ. ಅಲ್ಲಿನ ಎಪ್ಕಾಟ್ ಅನ್ನೋ ಪಾರ್ಕಿನಲ್ಲಿ ಕೊಳದ ಸುತ್ತ ಹನ್ನೊಂದು ದೇಶಗಳ ಮಂಟಪಗಳಿವೆ, ಅದೊಂದು ಸುತ್ತೇ ಸುಮಾರು 2 ಕಿಲೋಮೀಟರ್. ದಿನದ ಕೊನೆಗೆ ಹತ್ತು ಕಿಲೋಮೀಟರ್ ದಾಟುವುದು ಮಾಮೂಲು, ಗಟ್ಟಿಮುಟ್ಟಾದವರೇ ಸಂಜೆಗೆ ಕಾಲು ಹಿಡಿದುಕೊಂಡು ಕೂತಿರುತ್ತಾರೆ. ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲು ಬಿಟ್ಟು ಬಸ್ಸಲ್ಲಿ ಹೋದರೆ ಯಾರಾದರೂ ರೋಗಿ ಅಂತಾರಾ? ಕುರ್ಚಿ ತಂದಿಟ್ಟುಕೊಂಡು, ಮನಸ್ಸಾದಾಗ ಅವರೇ ಅದನ್ನು ತಳ್ಳಿಕೊಂಡು ನಡೆಯಲಿ, ಸುಸ್ತಾದಾಗ ಕೂರಲಿ. ಹೀಗೆ ಹೇಳಿದರೆ ಹತ್ತರಲ್ಲಿ ಎಂಟು ಜನ ಒಪ್ಪುತ್ತಾರೆ, ಉಳಿದ ಇಬ್ಬರು ಮಧ್ಯಾಹ್ನ ಎರಡು ಗಂಟೆಗೆ ಒಪ್ಪುತ್ತಾರೆ.

ಕ್ಯೂ ವಿಚಾರ ಹಳೆಯ ಕತೆ. ಹಿಂದೆ ಅಂಗವೈಕಲ್ಯ ಇರುವವರಿಗೆ ಕೊಡುತ್ತಿದ್ದ ಕಾರ್ಡನ್ನು ಜನ ಸಿಕ್ಕಾಪಟ್ಟೆ ದುರುಪಯೋಗ ಮಾಡಿದ್ದರಿಂದ 2013ರಲ್ಲಿ ಅದನ್ನು ತೆಗೆದು ಡಿಎಎಸ್ (ಡಿಸೆಬಿಲಿಟಿ ಆ್ಯಕ್ಸೆಸ್ ಸರ್ವಿಸ್) ಅಂತ ಬೇರೆ ವ್ಯವಸ್ಥೆ ತಂದರು. 2024ರಲ್ಲಿ ಅದನ್ನೂ ಬಿಗಿ ಮಾಡಿದರು, ಈಗ ಅದು ಮುಖ್ಯವಾಗಿ ಆಟಿಸಂನಂಥ ಬೆಳವಣಿಗೆಯ ತೊಂದರೆ ಇರುವವರಿಗೆ. ಮಂಡಿ ನೋವಿಗೆ ಸಿಗುವುದಿಲ್ಲ. ಈಗ ಹೆಚ್ಚಿನ ಕಡೆ ಕ್ಯೂ ದಾರಿಯೇ ಅಗಲ ಇರುತ್ತದೆ, ಎಲ್ಲರ ಜೊತೆ ಕುರ್ಚಿಯಲ್ಲೇ ಮುಂದೆ ಹೋಗಬೇಕು. ದಾರಿ ಇಕ್ಕಟ್ಟಾದ ಕಡೆ ಬೇರೆ ಬಾಗಿಲು ತೋರಿಸುತ್ತಾರೆ, ಇಲ್ಲವೇ ಇಷ್ಟು ಹೊತ್ತಿಗೆ ಬನ್ನಿ ಅಂತ ಸಮಯ ಕೊಡುತ್ತಾರೆ. ಕಾಯುವುದು ತಪ್ಪುವುದಿಲ್ಲ, ಕೂತು ಕಾಯಬಹುದು ಅಷ್ಟೇ.

ಇನ್ನು ಮಾವ. ಬಜಾಜ್ ಓಡಿಸಿದ್ದೇ ಇಲ್ಲಿ ತೊಂದರೆ! ನಗಬೇಡಿ, ನಿಜವಾಗಿ ಹೇಳುತ್ತಿದ್ದೇನೆ. ಈ ಮೊಬಿಲಿಟಿ ಸ್ಕೂಟರ್‌ಗಳಲ್ಲಿ ಹ್ಯಾಂಡಲ್ ಹತ್ತಿರ ಒಂದು ಲಿವರ್ ಇರುತ್ತದೆ, ಒತ್ತಿದರೆ ಹೋಗುತ್ತದೆ, ಕೈ ಬಿಟ್ಟರೆ ನಿಲ್ಲುತ್ತದೆ. ನಮ್ಮ ಗಾಡಿ ಓಡಿಸಿದವರಿಗೆ ಗಾಬರಿಯಾದ ತಕ್ಷಣ ಕೈ ಬ್ರೇಕ್ ಹಿಡಿಯುವ ಅಭ್ಯಾಸ. ಎದುರಿಗೆ ಮಗು ಅಡ್ಡ ಬಂತು ಅಂತ ಲಿವರ್ ಗಟ್ಟಿಯಾಗಿ ಹಿಡಿದರೆ ಗಾಡಿ ಇನ್ನೂ ಜೋರಾಗಿ ಮುಂದೆ ನುಗ್ಗುತ್ತದೆ. ಹಾಗಾಗಿ ಹೊರಡುವ ಮುಂಚೆ ಅಭ್ಯಾಸ ಬೇಕೇ ಬೇಕು. ದೊಡ್ಡ ಸೂಪರ್ ಮಾರ್ಕೆಟ್‌ಗಳ ಬಾಗಿಲಲ್ಲಿ ಬ್ಯಾಟರಿ ಗಾಡಿಗಳನ್ನು ಇಟ್ಟಿರುತ್ತಾರಲ್ಲ, ದಿನಸಿಗೆ ಹೋದಾಗ ಅದರಲ್ಲಿ ಕೂರಿಸಿ. ವೇಗದ ಗುಂಡಿಯಲ್ಲಿ ಆಮೆ, ಮೊಲದ ಚಿತ್ರ ಇದ್ದರೆ ಜನಸಂದಣಿಯಲ್ಲಿ ಯಾವಾಗಲೂ ಆಮೆ ಕಡೆಗೇ ಇರಲಿ.

ಪ್ರಶ್ನೆ: ಥ್ಯಾಂಕ್ಸ್ ಮೇಡಂ. ರೈಡ್‌ಗಳಿಗೆ ಹತ್ತುವುದು ಹೇಗೆ? ಅಲ್ಲಿನವರು ಎತ್ತಿ ಕೂರಿಸುತ್ತಾರಾ? ಇನ್ನೊಂದು, ಅತ್ತೆ ಸೀರೆ ಬಿಟ್ಟು ಬೇರೇನೂ ಉಡುವುದಿಲ್ಲ.

ಉತ್ತರ: ಎತ್ತುವುದಿಲ್ಲ. ಅಲ್ಲಿನ ಕೆಲಸದವರು ಯಾರನ್ನೂ ಎತ್ತುವ ಹಾಗಿಲ್ಲ, ಅದು ನಿಯಮ. ದಾರಿ ತೋರಿಸುತ್ತಾರೆ, ಬಾಗಿಲು ತೆಗೆಯುತ್ತಾರೆ, ಕೈ ಹಾಕುವುದು ಮನೆಯವರೇ. ಎಲ್ಲರೂ ದೂರದ ಬಗ್ಗೆ ಚಿಂತೆ ಮಾಡಿಕೊಂಡು ಬರುತ್ತಾರೆ, ಆದರೆ ನಿಜವಾಗಿ ಕೈಕೊಡುವುದು ಕುರ್ಚಿಯಿಂದ ರೈಡ್‌ನ ಸೀಟಿಗೆ ದಾಟುವ ಆ ಅರ್ಧ ನಿಮಿಷ. ರೈಡ್‌ಗಳಲ್ಲಿ ಮೂರು ಥರ ಅಂದುಕೊಳ್ಳಿ. ಕೆಲವಕ್ಕೆ ಕುರ್ಚಿಯಲ್ಲೇ ಹೋಗಬಹುದು: ಮ್ಯಾಜಿಕ್ ಕಿಂಗ್‌ಡಮ್‌ನ ಸ್ಮಾಲ್ ವರ್ಲ್ಡ್ ದೋಣಿ, ಅನಿಮಲ್ ಕಿಂಗ್‌ಡಮ್‌ನ ಸಫಾರಿ ಗಾಡಿ. (ಆ ದೋಣಿಯಲ್ಲಿ ತಾಜ್ ಮಹಲ್ ಕೂಡ ಬರುತ್ತದೆ, ಅತ್ತೆಗೆ ಮುಂಚೆ ಹೇಳಬೇಡಿ.) ಕೆಲವಕ್ಕೆ ಎದ್ದು ಸೀಟಿಗೆ ಜರುಗಬೇಕು. ಇನ್ನು ಪೀಟರ್ ಪ್ಯಾನ್ ರೈಡ್‌ನಂಥವು, ನೆಲದ ಪಟ್ಟಿ ಚಲಿಸುತ್ತಲೇ ಇರುತ್ತದೆ, ನಿಲ್ಲಿಸುವುದಿಲ್ಲ, ನಡೆದು ಹತ್ತುವವರಿಗೆ ಮಾತ್ರ. ಅತ್ತೆ ಹತ್ತು ನಿಮಿಷ ನಡೆಯಬಲ್ಲರು, ಆದರೂ ಚಲಿಸುವ ನೆಲದ ಮೇಲೆ ಮಂಡಿ ನೋವಿನವರನ್ನು ನಾನಾದರೆ ಹತ್ತಿಸುವುದಿಲ್ಲ. ಕುರ್ಚಿ ಬಿಡುವ ಎಷ್ಟೋ ರೈಡ್‌ಗಳು ಸ್ಕೂಟರ್ ಬಿಡುವುದಿಲ್ಲ, ಅಲ್ಲೇ ತಳ್ಳುವ ಕುರ್ಚಿ ಕೊಡುತ್ತಾರೆ, ಮಾವ ಅದಕ್ಕೆ ಬದಲಾಯಿಸಬೇಕು.

ಮನೆಯಲ್ಲಿ ಇವತ್ತಿನಿಂದಲೇ ಅಭ್ಯಾಸ ಮಾಡಿಸಿ. ತಗ್ಗಾದ ಸೋಫಾದಿಂದ ಏಳುವುದು, ಕಾರಿನ ಹಿಂದಿನ ಸೀಟಿಗೆ ಪಕ್ಕದಿಂದ ಜರುಗಿ ಕೂರುವುದು. ಏಳುವಾಗ ರಟ್ಟೆ ಹಿಡಿದು ಎಳೆಯಬೇಡಿ, ಭುಜ ಹೋಗುತ್ತದೆ. ಪಾದ ಹಿಂದಕ್ಕೆ ಎಳೆದುಕೊಂಡು, ಮುಂದಕ್ಕೆ ಬಾಗಿ, ಅವರೇ ಕೈ ಊರಿ ಏಳಲಿ, ನೀವು ಸೊಂಟದ ಹತ್ತಿರ ಸುಮ್ನೆ ಆಸರೆ ಕೊಡಿ.

ಸೀರೆ ಬಗ್ಗೆ ಕೇಳಿದ್ದು ಒಳ್ಳೇದಾಯ್ತು, ಯಾರೂ ಕೇಳುವುದಿಲ್ಲ. ಸೆರಗು ಚಕ್ರಕ್ಕೆ ಸಿಕ್ಕಿಕೊಂಡರೆ ದೊಡ್ಡ ಅನಾಹುತ. ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿ ಪಿನ್ ಹಾಕಿ, ನೆರಿಗೆ ಕಾಲಿಡುವ ಪಟ್ಟಿಯ ಕೆಳಗೆ ಇಳಿಯದಿರಲಿ. ಹತ್ತಿ ಸೀರೆ ಉಡಿಸಿ. ರೇಷ್ಮೆ, ಸಿಂಥೆಟಿಕ್ ಉಟ್ಟರೆ ಸೀಟಿನ ಮೇಲೆ ಜಾರುತ್ತಾರೆ, ಇಳಿಜಾರಿನಲ್ಲಂತೂ ಜಾಸ್ತಿ. ದಾರಿಯಲ್ಲಿ ಎಲ್ಲಾದರೂ ಟ್ರಾಮಿನ ಹಳಿಯಂಥದ್ದು ಸಿಕ್ಕರೆ ಜೋಪಾನ, ಮುಂದಿನ ಸಣ್ಣ ಚಕ್ರ ಅದರೊಳಗೆ ಕೂತರೆ ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಹಳಿಗೆ ನೇರವಾಗಿ ಅಡ್ಡ ದಾಟಿ, ಓರೆಯಾಗಿ ಬೇಡ.

ಬಾಡಿಗೆ ಬಗ್ಗೆ: ಪಾರ್ಕಿನೊಳಗಿನ ಗಾಡಿಗಳನ್ನು ಮುಂಚೆ ಕಾಯ್ದಿರಿಸಲು ಆಗುವುದಿಲ್ಲ, ಮೊದಲು ಬಂದವರಿಗೆ ಮೊದಲು, ಸ್ಕೂಟರ್ ಬೇಗ ಖಾಲಿ. ಅವು ಪಾರ್ಕ್ ಬಿಟ್ಟು ಹೊರಗೆ ಬರುವ ಹಾಗೂ ಇಲ್ಲ, ಅಂದರೆ ಕಾರಿನಿಂದ ಬಾಗಿಲಿನ ತನಕ ಅವು ಸಿಗುವುದಿಲ್ಲ. ನಾಲ್ಕು ದಿನ ಅಂದಮೇಲೆ ಹೊರಗಿನ ಬಾಡಿಗೆಯವರಿಂದ ತೆಗೆದುಕೊಂಡು ಹೋಟೆಲಿಗೇ ತರಿಸಿಕೊಳ್ಳಿ. ಗಾಡಿ 91 ಸೆಂಟಿಮೀಟರ್ ಅಗಲ, 132 ಸೆಂಟಿಮೀಟರ್ ಉದ್ದಕ್ಕಿಂತ ದೊಡ್ಡದಿದ್ದರೆ ಪಾರ್ಕಿಗೆ ಬಿಡುವುದಿಲ್ಲ. ಹೋಟೆಲಲ್ಲಿ ಬರೀ ವೀಲ್‌ಚೇರ್ ರೂಮ್ ಅನ್ನಬೇಡಿ, ಟಬ್ ಇರುವ ರೂಮ್ ಕೊಟ್ಟುಬಿಡುತ್ತಾರೆ. ರೋಲ್-ಇನ್ ಶವರ್ (ಕುರ್ಚಿ ಸಮೇತ ಒಳಗೆ ಹೋಗಬಹುದಾದ, ಹೊಸ್ತಿಲಿಲ್ಲದ ಸ್ನಾನದ ಜಾಗ) ಬೇಕು ಅಂತ ಬಿಡಿಸಿ ಹೇಳಿ.

ಜೂನ್‌ನಲ್ಲಿ ಫ್ಲೋರಿಡಾದ ಮಧ್ಯಾಹ್ನ ಅಂದ್ರೆ ಬಿಸಿಲು, ಸೆಕೆ, ಆಮೇಲೆ ಧೋ ಅಂತ ಮಳೆ. ಕೂತವರಿಗೆ ಕೆಳಗಿನ ಕಾವು ಜಾಸ್ತಿ, ತಳ್ಳುವವರಿಗೆ ಗೊತ್ತಾಗುವುದಿಲ್ಲ. ಮಧ್ಯಾಹ್ನ ರೂಮಿಗೆ ವಾಪಸ್ ಬಂದು ಮಲಗಿ, ಸಂಜೆ ಮತ್ತೆ ಹೋಗಿ. ಸ್ಕೂಟರ್ ಬಿಟ್ಟು ಒಳಗೆ ಹೋಗುವಾಗ ಹ್ಯಾಂಡಲ್‌ನ ಗುಂಡಿಗಳ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿ, ಬೀಗದ ಕೈ ಜೊತೆಗಿಟ್ಟುಕೊಳ್ಳಿ.

ಇನ್ನೊಬ್ಬರ ಪ್ರಶ್ನೆ: ನಾವು ಬೆಂಗಳೂರಿನಿಂದ ಬರುವವರು. ಅಪ್ಪನ ಹತ್ತಿರ ಮಡಚುವ ಸ್ಕೂಟರ್ ಇದೆ, ಲಿಥಿಯಂ ಬ್ಯಾಟರಿ. ವಿಮಾನದಲ್ಲಿ ಬಿಡುತ್ತಾರಾ?

ಉತ್ತರ: ಬಿಡುತ್ತಾರೆ ಸರ್, ಆದರೆ ಬ್ಯಾಟರಿ ಲೆಕ್ಕ ನೋಡಬೇಕು. ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿ. 24 ವೋಲ್ಟ್, 12 ಆಂಪಿಯರ್ ಅವರ್ ಆದರೆ 288 ವ್ಯಾಟ್ ಅವರ್. ಬಿಚ್ಚಿ ತೆಗೆಯುವ ಬ್ಯಾಟರಿ ಒಂದಾದರೆ 300ರೊಳಗೆ, ಎರಡಾದರೆ ಒಂದೊಂದೂ 160ರೊಳಗೆ ಇರಬೇಕು. ಬಿಚ್ಚಿದ ಬ್ಯಾಟರಿ ಕೈಚೀಲದಲ್ಲೇ ಬರಬೇಕು, ತುದಿಗಳಿಗೆ ಟೇಪ್ ಸುತ್ತಿ. ಟಿಕೆಟ್ ಮಾಡಿದ ದಿನವೇ ವಿಮಾನದವರಿಗೆ ಬರೆದು ತಿಳಿಸಿ, ಅವರ ಒಪ್ಪಿಗೆಯ ಪ್ರಿಂಟ್ ಇಟ್ಟುಕೊಳ್ಳಿ. ಚಾರ್ಜರ್ ಮೇಲೆ 100–240 ಅಂತ ಇದೆಯಾ ನೋಡಿ. ಅಮೆರಿಕದಲ್ಲಿ 120 ವೋಲ್ಟ್, ಬರೀ 230ರದ್ದಾದರೆ ಇಲ್ಲಿ ಕೆಲಸ ಮಾಡುವುದಿಲ್ಲ.

ಮೊದಲು ಕೇಳಿದವರು: ಮೇಡಂ, ನಿನ್ನೆ ಅಂಗಡಿಗೆ ಕರೆದುಕೊಂಡು ಹೋಗಿದ್ದೆವು. ಮಾವ ಮೊದಲ ಸಾಲು ಚೆನ್ನಾಗಿ ಓಡಿಸಿದರು. ತಿರುವಿನಲ್ಲಿ ಯಾರೋ ಎದುರಾದರು, ನೀವು ಹೇಳಿದ ಹಾಗೇ ಗಟ್ಟಿಯಾಗಿ ಹಿಡಿದುಬಿಟ್ಟರು, ಬಾಳೆಹಣ್ಣಿನ ಸ್ಟ್ಯಾಂಡಿಗೆ ಗುದ್ದಿದರು. ಯಾರಿಗೂ ಏನೂ ಆಗಲಿಲ್ಲ. ಅತ್ತೆ ನಕ್ಕೂ ನಕ್ಕೂ "ನನಗೆ ಆ ತಳ್ಳೋ ಕುರ್ಚಿನೇ ಸಾಕಪ್ಪ" ಅಂದರು!

ಉತ್ತರ: ಅತ್ತೆಯವರ ಕೆಲಸ ಮುಗೀತು! ಮಾವನನ್ನು ಇನ್ನೂ ನಾಲ್ಕೈದು ಸಲ ಕರೆದುಕೊಂಡು ಹೋಗಿ, ಬೆಳಿಗ್ಗೆ ಅಂಗಡಿ ಖಾಲಿ ಇದ್ದಾಗ. ನೀವು ಪಕ್ಕದಲ್ಲಿ ನಡೆಯುತ್ತಾ ಆಗಾಗ "ಕೈ ಬಿಡಿ" ಅಂತ ಕೂಗಿ, ಕೂಗಿದ ತಕ್ಷಣ ಅವರ ಬೆರಳು ಬಿಚ್ಚಬೇಕು.