ಫ್ರಿಡ್ಜ್ ಇದ್ದವರ ಗೃಹಲಕ್ಷ್ಮಿ

ನಮ್ಮ 'ಹಳೇಮನೆ ಬಳಗ' ಗುಂಪಿಗೆ ನಾನು ಅಡ್ಮಿನ್. ಹಿಂದಿನ ಅಡ್ಮಿನ್ ತೋಟದ ಭಾಗದ ವಿಷಯಕ್ಕೆ ಮುನಿಸಿಕೊಂಡು 'ಲೆಫ್ಟ್' ಆದಾಗ ಪಟ್ಟ ತಾನಾಗಿ ನನ್ನ ತಲೆಗೆ ಬಂತು. 2025ರ ಮಾರ್ಚ್ ಬಜೆಟ್ ಆದಮೇಲಿನ ಒಂದು ಭಾನುವಾರ ನಡೆದ ಮಾತು ಇದು. ಅಳಿಸಿದ ಮೆಸೇಜುಗಳನ್ನು ಬಿಟ್ಟು ಉಳಿದದ್ದು ಹೆಚ್ಚುಕಮ್ಮಿ ಹೀಗಿದೆ.

ದೊಡ್ಡಪ್ಪ (ಬೆಳಿಗ್ಗೆ 6:52, ಹಲವು ಬಾರಿ ಫಾರ್ವರ್ಡ್ ಆಗಿದ್ದು): ಎಚ್ಚರ!! ಮನೆಯಲ್ಲಿ ಫ್ರಿಡ್ಜ್, ಬೈಕ್ ಇದ್ದವರ ಗೃಹಲಕ್ಷ್ಮಿ ರದ್ದು. ಇಲ್ಲಿವರೆಗೆ ತಗೊಂಡ ಹಣ ಬಡ್ಡಿ ಸಮೇತ ವಸೂಲಿ. ಎಲ್ಲರಿಗೂ ತಲುಪಿಸಿ 🙏

ದೊಡ್ಡಪ್ಪ: ಬಿಟ್ಟಿ ಭಾಗ್ಯ ಎಷ್ಟು ದಿನ? ಕೈ ಕೆಸರಾದರೆ ಬಾಯಿ ಮೊಸರು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಸುಧಕ್ಕ: ಆದೇಶದ ಪ್ರತಿ ಹಾಕಿ ದೊಡ್ಡಪ್ಪ. ನಂಬರ್, ತಾರೀಖು ಏನಾದ್ರೂ ಇದೆಯಾ?

ದೊಡ್ಡಪ್ಪ: ಜವಾಬ್ದಾರಿ ಇರುವವರೊಬ್ಬರು ಕಳಿಸಿದ್ದು.

ಸುಧಕ್ಕ: ಯಾರು ಆ ಜವಾಬ್ದಾರಿ?

ಉತ್ತರ ಬರಲಿಲ್ಲ. ಸುಧಕ್ಕ ನನ್ನ ಸ್ವಂತ ಅಕ್ಕ, ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡ್ತಾಳೆ. ಗುಂಪಿನಲ್ಲೂ ಹಾಜರಿ ಕರೆಯೋದು ಬಿಟ್ಟಿಲ್ಲ.

ಸುಧಕ್ಕ: ಗೃಹಲಕ್ಷ್ಮಿಗೆ ಇರೋ ಷರತ್ತು ಇಷ್ಟೇ. ರೇಷನ್ ಕಾರ್ಡ್‌ನಲ್ಲಿ ಯಜಮಾನಿ ಆಗಿರಬೇಕು, ಅವರಾಗಲಿ ಗಂಡ ಆಗಲಿ ಆದಾಯ ತೆರಿಗೆ ಕಟ್ತಿರಬಾರದು, ಜಿಎಸ್‌ಟಿ ರಿಟರ್ನ್ಸ್ ಹಾಕ್ತಿರಬಾರದು. ಎಪಿಎಲ್‌ನವರಿಗೂ ಬರುತ್ತೆ. 2024ರ ನವೆಂಬರಲ್ಲಿ ಬಿಪಿಎಲ್ ಕಾರ್ಡ್ ರದ್ದು ಅಂತ ಗಲಾಟೆ ಆಯ್ತಲ್ಲ, ಅದರ ಬಾಲ ತಂದು ಇದಕ್ಕೆ ಅಂಟಿಸಿದ್ದಾರೆ.

ದೊಡ್ಡಮ್ಮ: ಇವರು ಐಟಿ ಕಟ್ಟೋದಕ್ಕೆ ನನಗೆ ಎರಡು ಸಾವಿರ ಇಲ್ಲ. ಅದೊಂದು ಹೊಟ್ಟೆಉರಿ ನಮ್ಮನೇಲಿ ದಿನಾ ಇದ್ದದ್ದೇ.

ನವೀನ (ಡಲ್ಲಾಸ್): ಅಪ್ಪ ಹೇಳೋದ್ರಲ್ಲಿ ತಪ್ಪೇನಿದೆ? ಬಜೆಟ್‌ನ ಅರ್ಧ ದುಡ್ಡು ಗ್ಯಾರಂಟಿಗೇ ಹೋಗ್ತಿದೆ. ಇಲ್ಲಿ ಯಾರೂ ಪುಕ್ಕಟೆ ಕೊಡಲ್ಲ.

ಸುಧಕ್ಕ: ಅರ್ಧ ಅಲ್ಲಪ್ಪ. ಈ ಸಲದ ಬಜೆಟ್ 4,09,549 ಕೋಟಿ. ಐದೂ ಗ್ಯಾರಂಟಿ ಸೇರಿ 51,034 ಕೋಟಿ. ನೂರಕ್ಕೆ ಹನ್ನೆರಡೂವರೆ. ಕಮ್ಮಿ ಅಂತ ನಾನೂ ಹೇಳಲ್ಲ. ರಾಜಸ್ವ ಕೊರತೆ, ಅಂದ್ರೆ ಸರ್ಕಾರದ ದಿನನಿತ್ಯದ ಖರ್ಚಿಗೆ ವರಮಾನ ಸಾಲದೆ ಬೀಳೋದು, 19,262 ಕೋಟಿ ಇದೆ, ಜಗಳ ಆಡೋದಾದ್ರೆ ಅದನ್ನ ಹಿಡ್ಕೊಂಡು ಆಡು, ನಾನೂ ಬರ್ತೀನಿ.

ಸುಧಕ್ಕ: ಇನ್ನು ಪುಕ್ಕಟೆ ವಿಷ್ಯ. 2020ರಲ್ಲಿ ನಿಮ್ಮ ಅಮೆರಿಕ ಸರ್ಕಾರ 1,200 ಡಾಲರ್ ಹಾಕಿದಾಗ ಇದೇ ಗುಂಪಲ್ಲಿ ಟಿವಿ ಪಕ್ಕ ನಿಂತು ಫೋಟೋ ಹಾಕಿದ್ದೆ.

ನವೀನ: ಅದು ಕೋವಿಡ್ ಅಕ್ಕ. ಬೇರೆ ಲೆಕ್ಕ.

ಸುಧಕ್ಕ: ಐವತ್ತೈದು ಇಂಚು.

ರಾಜಸ್ವ ಕೊರತೆಯನ್ನು ಹಿಡಿದುಕೊಳ್ಳೋಕೆ ಯಾರೂ ಮುಂದೆ ಬರಲಿಲ್ಲ. ಟಿವಿಗೆ ಮಾತ್ರ ಏಳು ನಗುಮುಖ ಬಿದ್ದವು.

ರಮೇಶಣ್ಣ: ನಮ್ ಕಾಲದಲ್ಲಿ ಸ್ಕೂಲಲ್ಲಿ ಅಮೆರಿಕದ ಗೋಧಿ ಉಪ್ಪಿಟ್ಟು ಕೊಡ್ತಿದ್ರು, ನೆನಪಿದ್ಯಾ? ಆ ವಾಸನೆ ಈಗ್ಲೂ ಮೂಗಲ್ಲಿದೆ. ನಾನೂ ದೊಡ್ಡಪ್ಪನ ಮಂಜಣ್ಣನೂ ತಟ್ಟೆ ಇಲ್ದೆ ಮುತ್ತುಗದ ಎಲೇಲಿ ತಿಂತಿದ್ವಿ. ಸೊಸೈಟಿ ಮುಂದೆ ಸೀಮೆಎಣ್ಣೆ ಕ್ಯೂ ಬೇರೆ. ಡಬ್ಬಕ್ಕೆ ದಾರ ಕಟ್ಟಿ ಸಾಲಲ್ಲಿಟ್ಟು ಗೋಲಿ ಆಡೋಕೆ ಹೋಗ್ತಿದ್ವಿ.

ಮಂಜಣ್ಣ: ನನ್ನ ಡಬ್ಬ ಹಿಂದಕ್ಕೆ ತಳ್ಳಿದ್ದು ನೀನೇ.

ಇದು ಅರ್ಧ ಗಂಟೆ ನಡೆಯಿತು. ಉಪ್ಪಿಟ್ಟಿಗೆ ಬೆಲ್ಲ ಹಾಕ್ತಿದ್ರೋ ಇಲ್ವೋ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಅಷ್ಟು ಹೊತ್ತು ಊರಿನ ಚಿಕ್ಕಮ್ಮನ ಹೆಸರಿನ ಮುಂದೆ 'ಟೈಪಿಂಗ್' ಅಂತ ಬರ್ತಾ, ನಿಲ್ತಾ ಇತ್ತು.

ಚಿಕ್ಕಮ್ಮ: ಭಾವ, ಫ್ರಿಡ್ಜ್ ಇದ್ದವರು ಅಂತ ಹಾಕಿದ್ದು ಯಾರಿಗೆ ಅಂತ ನನಗೆ ಗೊತ್ತಾಗಲ್ವಾ?

ದೊಡ್ಡಪ್ಪ: ಅಯ್ಯೋ ಅದು ಸಾಮಾನ್ಯವಾಗಿ ಕಳಿಸಿದ್ದಮ್ಮ.

ಚಿಕ್ಕಮ್ಮ: ರೇಷನ್ ಕಾರ್ಡಲ್ಲಿ ಅತ್ತೆ ಯಜಮಾನಿ. ದುಡ್ಡು ಅತ್ತೆ ಖಾತೆಗೇ ಹೋಗುತ್ತೆ, ಒಂದು ರೂಪಾಯಿ ನಾನು ಮುಟ್ಟಿಲ್ಲ. ಏಳು ತಿಂಗಳದ್ದು ಕೂಡಿಟ್ಟು ಫ್ರಿಡ್ಜ್ ತಗೊಂಡಿದ್ದು ಅವರೇ. ಗೃಹಪ್ರವೇಶದಲ್ಲಿ ಬೀಗರ ಮುಂದೆ 'ಅಮ್ಮನಿಗೆ ಫ್ರಿಡ್ಜ್ ಕೊಡಿಸ್ದೆ' ಅಂದ್ರಲ್ಲ, ಅವತ್ತು ಸುಮ್ಮನಿದ್ದೆ.

ದೊಡ್ಡಪ್ಪ: ನಾನೂ ಕೊಟ್ಟಿದ್ದೀನಿ.

ಚಿಕ್ಕಮ್ಮ: ನೀವು ಕೊಟ್ಟಿದ್ದು ಸ್ಟೆಬಿಲೈಸರ್.

ಇಲ್ಲಿ ಮೂವರು ಮೆಸೇಜ್ ಹಾಕಿ ಅಳಿಸಿದ್ದಾರೆ.

ದೊಡ್ಡಪ್ಪ: ವಿಷಯ ಫ್ರಿಡ್ಜ್ ಅಲ್ಲ, ನೀತಿ. ಸರ್ಕಾರದ ದುಡ್ಡು ಅಂದ್ರೆ ನಮ್ಮ ದುಡ್ಡು. ಹೀಗೆ ಹಂಚಿದರೆ ಜನ ಸೋಮಾರಿಗಳಾಗ್ತಾರೆ.

ಸುಧಕ್ಕ: ನಿಮ್ಮನೆ ಕರೆಂಟ್ ಬಿಲ್ ಎಷ್ಟು ದೊಡ್ಡಪ್ಪ?

ದೊಡ್ಡಪ್ಪ: ಅದು ಬೇರೆ ವಿಷಯ.

ದೊಡ್ಡಮ್ಮ: ಸೊನ್ನೆ! ಗೃಹಜ್ಯೋತಿ. ದಿನಾ ಸಂಜೆ ಟಾರ್ಚ್ ಹಿಡ್ಕೊಂಡು ಮೀಟರ್ ನೋಡಿ ಕ್ಯಾಲೆಂಡರಲ್ಲಿ ಬರೀತಾರೆ. ತಿಂಗಳ ಕೊನೇಲಿ ಗೀಸರ್ ಮುಟ್ಟೋ ಹಾಗಿಲ್ಲ. ಇನ್ನೂರು ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ಬರುತ್ತೆ ಅಂತ ಹೋದ ಚಳಿಗಾಲ ಸೌದೆ ಒಲೇಲಿ ನೀರು ಕಾಯಿಸಿದ್ದೀನಿ.

ಮಂಜಣ್ಣ: 😂😂😂

ನವೀನ: ಅಮ್ಮ, ಇದನ್ನೆಲ್ಲ ಗುಂಪಲ್ಲಿ ಯಾಕೆ?

ದೊಡ್ಡಮ್ಮ: ಮತ್ತೆಲ್ಲಿ ಹೇಳಲಿ, ನೀನು ಫೋನ್ ಎತ್ತಲ್ಲ.

ರಮೇಶಣ್ಣ: ಇದರ ಮಧ್ಯೆ ಗಂಡಸರ ಗೋಳು ಯಾರೂ ಕೇಳಲ್ಲ. ತಿಪಟೂರಿಂದ ತುಮಕೂರಿಗೆ ನಿಂತೇ ಬಂದೆ, ಅದೂ ಜನವರಿಯಲ್ಲಿ ನೂರಕ್ಕೆ ಹದಿನೈದು ಏರಿಸಿದ ಟಿಕೆಟ್ ತಗೊಂಡು. ಅರ್ಧ ಸೀಟು ಗಂಡಸರಿಗೆ ಅಂತ ಕಂಡಕ್ಟರ್‌ಗೆ ನೆನಪು ಮಾಡಿದ್ರೆ 'ನೀವೇ ಎಬ್ಬಿಸಿ ಸಾರ್' ಅಂತಾನೆ.

ಚಿಕ್ಕಮ್ಮ: ನಿಮ್ಮ ಹೆಂಡ್ತಿ ಅದೇ ಬಸ್ಸಲ್ಲಿ ಜೀರೋ ಟಿಕೆಟ್ ತಗೊಂಡು ವಾರಕ್ಕೊಂದ್ಸಲ ತೌರಿಗೆ ಹೋಗಿಬರ್ತಾರೆ, ಅವರನ್ನ ಎಬ್ಬಿಸಿ ಮೊದಲು.

ರಮೇಶಣ್ಣ: ಆಗಲ್ಲ ಬಿಡಿ.

ಗುಂಪಿಗೆ ಬೀಗ ಹಾಕೋಣ, ಅಡ್ಮಿನ್ ಮಾತ್ರ ಮೆಸೇಜ್ ಹಾಕೋ ಹಾಗೆ ಮಾಡೋಣ ಅಂತ ಸೆಟ್ಟಿಂಗ್ಸ್ ಹುಡುಕ್ತಿದ್ದೆ. ಅಷ್ಟರಲ್ಲಿ ಚಿಕ್ಕಪ್ಪನ ನಂಬರಿಂದ ಒಂದು ವಾಯ್ಸ್ ಮೆಸೇಜ್ ಬಂತು, 41 ಸೆಕೆಂಡ್. ಅಜ್ಜಿ. ಹಿಂದೆ ಕುಕ್ಕರ್ ಕೂಗ್ತಾ ಇತ್ತು. ಫೋನನ್ನು ಬಾಯಿಗೆ ಒತ್ತಿ ಹಿಡಿದು ಮಾತಾಡೋ ಅಭ್ಯಾಸ ಅವಳಿಗೆ, ಅರ್ಧ ಬರೀ ಉಸಿರೇ ಕೇಳಿಸುತ್ತೆ.

'ಏನ್ರೋ ಎಲ್ಲ ಸೇರ್ಕೊಂಡು ನನ್ನ ಫ್ರಿಡ್ಜ್ ಮೇಲೆ ಬಿದ್ದಿದೀರಂತೆ. ಅದ್ರಲ್ಲಿ ನಾನಿಡೋದು ಕಣ್ಣಿಗೆ ಹಾಕೋ ಔಷಧಿ ಒಂದೇ ಕಣ್ರಪ್ಪ, ಉಳಿದಿದ್ದೆಲ್ಲ ಇವಳ ದೋಸೆ ಹಿಟ್ಟು. ಅದಿರ್ಲಿ. ದೊಡ್ಡೋನೇ, ಖಾತೆ ಮಾಡಿಸ್ದಾಗ ನಿನ್ನ ನಂಬರ್ರೇ ಕೊಟ್ಟಿದ್ಯಲ್ಲ, ಮೆಸೇಜು ನಿನಗೇ ತಾನೇ ಬರೋದು? ಮೂರು ತಿಂಗಳಾಯ್ತು. ಈ ಸಲದ್ದು ಬಂತಾ ನೋಡಿ ಹೇಳೋ.'

ಹದಿನೈದು ನಿಮಿಷ ಯಾರೂ ಏನೂ ಹಾಕಲಿಲ್ಲ.

ದೊಡ್ಡಪ್ಪ: ಇನ್ನೂ ಬಂದಿಲ್ಲಮ್ಮ. ಸೋಮವಾರ ಬ್ಯಾಂಕ್ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ ಕೇಳ್ತೀನಿ. ಆಧಾರ್ ಲಿಂಕ್ ತಪ್ಪಿದ್ಯೋ ಏನೋ, ಅದನ್ನೂ ನೋಡಿಸ್ತೀನಿ.