ಅಪ್‌ಡೇಟ್: ಎಂಪರರ್ ಪೆಂಗ್ವಿನ್ ಫೋಟೋಗೆ 100-400 ಎಂಎಂ ಜೂಮ್ ಲೆನ್ಸ್ ಸಾಕಾ ಅಂತ ಕೇಳಿದ್ದೆನಲ್ಲ

ಅಂಟಾರ್ಕ್ಟಿಕಾದಿಂದ ವಾಪಸ್ ಬಂದೆ, ಕೇಳಿದ್ರಿ ಅಂತ ಹೇಳ್ತಿದ್ದೀನಿ. ಸಾಕು, ಧಾರಾಳವಾಗಿ ಸಾಕು. ಇನ್ನೂ ದೊಡ್ಡ 600 ಎಂಎಂ ಲೆನ್ಸ್ ಬಾಡಿಗೆಗೆ ತಗೋಬೇಡ ಅಂದೋರಿಗೆ ದೊಡ್ಡ ನಮಸ್ಕಾರ.

ಅರ್ಜೆಂಟೀನಾದ ಉಶುವಾಯಾದಿಂದ ಹಡಗು, ದಕ್ಷಿಣ ಅಮೆರಿಕಕ್ಕೂ ಅಂಟಾರ್ಕ್ಟಿಕಾಕ್ಕೂ ನಡುವಿನ ಡ್ರೇಕ್ ಪ್ಯಾಸೇಜ್ ಸಮುದ್ರದಲ್ಲಿ ಎರಡು ದಿನ ಹೊಟ್ಟೆ ತೊಳಸಿದ್ದು ಬಿಟ್ರೆ ಹೇಳೋಕೇನಿಲ್ಲ. ವೆಡೆಲ್ ಸಮುದ್ರದ ಸ್ನೋ ಹಿಲ್ ದ್ವೀಪದ ಹತ್ರ ಹೆಲಿಕಾಪ್ಟರಲ್ಲಿ ಮಂಜಿನ ಮೇಲೆ ಇಳಿಸಿದ್ರು, ಸದ್ದಿಗೆ ಹಕ್ಕಿಗಳು ಬೆದರಬಾರದು ಅಂತ ಪೆಂಗ್ವಿನ್ ಕಾಲೊನಿಯಿಂದ ದೂರದಲ್ಲೇ, ಅಲ್ಲಿಂದ ನಡಿಗೆ. 5 ಮೀಟರ್ ದೂರ ಇರ್ಬೇಕು ಅನ್ನೋ ರೂಲ್ ನಮಗೆ, ಅವಕ್ಕಲ್ಲ! ಒಂದು ದೊಡ್ಡದು ಹೊಟ್ಟೆ ಮೇಲೆ ಜಾರ್ಕೊಂಡು ಬಂದು ಎದ್ದು ನಿಂತು ನನ್ನನ್ನೇ ನೋಡ್ತು, ಕಿವಿ ಹತ್ರದ ಅರಿಶಿನ ಬಣ್ಣ ಕತ್ತಿಗೆ ಇಳಿತಾ ತೆಳುವಾಗೋದು ಬರಿಗಣ್ಣಿಗೇ ಕಾಣಿಸ್ತಿತ್ತು, ನಾನು ಅಲ್ಲಾಡದೆ ನಿಂತಿದ್ದೆ, ಕ್ಲಿಕ್ ಮಾಡೋದೇ ಮರ್ತೆ.

ಆದ್ರೆ ಹಿಮದ ಮೇಲೆ ಮಲಗಿ ಫೋಟೋ ತೆಗೆಯೋ ಪ್ಲಾನ್ ಕೈಕೊಡ್ತು. ಹಕ್ಕಿಜ್ವರದ ಭಯಕ್ಕೆ ಈಗ ಹಿಮದ ಮೇಲೆ ಕೂರೋದು, ಮಂಡಿ ಊರೋದು, ಬ್ಯಾಗ್ ಇಡೋದು ಏನೂ ಇಲ್ಲ, ಬೂಟೂ ಪ್ರತಿ ಸಲ ಔಷಧಿ ನೀರಲ್ಲಿ ಅದ್ದಬೇಕು. ಬಗ್ಗಿ ಕ್ಯಾಮೆರಾ ಕೆಳಗಿಳಿಸಿ ಸ್ಕ್ರೀನ್ ಮೇಲಕ್ಕೆ ತಿರುಗಿಸಿ ಮರಿಗಳನ್ನ ತೆಗೆದೆ, ಸೊಂಟ ಇನ್ನೂ ನೋಯ್ತಿದೆ.

ಹಿಮ ಬೆಳ್ಳಗೆ ಬರೋಕೆ ಎಕ್ಸ್‌ಪೋಷರ್ +1 (ಕ್ಯಾಮೆರಾ ಅಳೆದಿದ್ದಕ್ಕಿಂತ ಸ್ವಲ್ಪ ಜಾಸ್ತಿ ಬೆಳಕು) ಇಡಿ ಅಂದಿದ್ರಿ, ಮೊದಲ ದಿನ ಮರೆತು ಹಿಮ ಎಲ್ಲಾ ಬೂದಿ ಕಲರ್. ಚಳಿಗೆ ಬೇಗ ಖಾಲಿ ಆಗದಿರ್ಲಿ ಅಂತ ಬ್ಯಾಟರಿ ಒಳಜೇಬಲ್ಲಿಟ್ಟಿದ್ದು ವರ್ಕ್ ಆಯ್ತು. ಬೆಚ್ಚಗಿನ ಕ್ಯಾಬಿನ್‌ಗೆ ಬಂದ ತಕ್ಷಣ ಆತುರಕ್ಕೆ ಕ್ಯಾಮೆರಾ ಬ್ಯಾಗ್ ಬಿಚ್ಚಿದೆ ನೋಡಿ, ಲೆನ್ಸ್ ಪೂರ್ತಿ ಮಬ್ಬು, ಆವತ್ತು ಸಂಜೆ ಹಡಗಿನ ಪಕ್ಕದಲ್ಲೇ ಹೋದ ಅಡೆಲಿ ಪೆಂಗ್ವಿನ್‌ಗಳ ಗುಂಪು ಮಿಸ್ಸು.