ರಜೆಯ ಊಟದ ಮಾತಿಗೆ ಭಾವನಿಗೊಂದು ಉದ್ದದ ಉತ್ತರ

ಭಾವ, ನಮಸ್ಕಾರ. ಬೆಳಿಗ್ಗೆಯಿಂದ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದಿರುವ ಮಾತುಗಳನ್ನೆಲ್ಲ ಈಗ ತಾನೇ ಕೇಳಿ ಮುಗಿಸಿದೆ. ಬೆರಳಿನಲ್ಲಿ ಒತ್ತುತ್ತ ಕುಳಿತರೆ ಸಂಜೆಯಾದೀತು ಎಂದು ಮಾತಿನಲ್ಲೇ ಕಳುಹಿಸುತ್ತಿದ್ದೇನೆ. ಉದ್ದವಾಗುತ್ತದೆ. ಅವಸರವಿರುವವರು ವೇಗ ಹೆಚ್ಚಿಸಿಕೊಂಡು ಕೇಳಬಹುದು, ನನ್ನ ಧ್ವನಿ ಹೇಗೂ ಕೀರಲೇ.

ತಡವಾಗಿ ಗುಂಪು ತೆರೆಯುವವರಿಗೆ ವಿಷಯ ಹೇಳಿಬಿಡುತ್ತೇನೆ. ಬೇಸಿಗೆ ರಜೆಯಲ್ಲೂ ಬಡವರ ಮಕ್ಕಳಿಗೆ ಸರ್ಕಾರ ಮಧ್ಯಾಹ್ನದ ಊಟ ಕೊಡಬೇಕು ಎಂದು ನಮ್ಮ ನಂದಿನಿ ಒಂದು ಮನವಿ ಬರೆದು, ಎಲ್ಲರ ಸಹಿ ಕೇಳಿದ್ದಾಳೆ. ಭಾವ ಅದಕ್ಕೆ, ‘ರಜೆಯಲ್ಲೂ ಸರ್ಕಾರವೇ ಉಣಿಸುವುದಾದರೆ ಹೆತ್ತವರು ಇರುವುದೇಕೆ?’ ಎಂದು ಕೇಳಿದ್ದಾರೆ. ರಮೇಶ, ‘ಅನ್ನಭಾಗ್ಯ ಇದೆ, ಗೃಹಲಕ್ಷ್ಮಿ ಇದೆ, ಇನ್ನೇನು ಬೇಕು?’ ಎಂದಿದ್ದಾನೆ. ಸುಧಾ ಅತ್ತಿಗೆಗೆ, ರಜೆಯಲ್ಲೂ ಶಾಲೆ ತೆರೆದರೆ ಶಿಕ್ಷಕರ ರಜೆ ಹೋಗುತ್ತದೆ ಎಂಬ ಚಿಂತೆ. ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು ಈ ಗುಂಪಿನಲ್ಲಿ ನಾನೊಬ್ಬಳೇ ಇರುವುದರಿಂದ ಸುಮ್ಮನಿರಲು ಆಗಲಿಲ್ಲ.

ಮೊದಲು ಹೆತ್ತವರ ಮಾತು. ಭಾವ, ಸೋಮವಾರ ಮಧ್ಯಾಹ್ನ ನಮ್ಮ ಶಾಲೆಗೆ ಬಂದು ನೋಡಿದ್ದರೆ ನೀವು ಆ ಪ್ರಶ್ನೆಯನ್ನು ಹಾಗೆ ಕೇಳುತ್ತಿರಲಿಲ್ಲ. ಬೆಂಗಳೂರಿನ ಬಹಳಷ್ಟು ಶಾಲೆಗಳಲ್ಲಿ ಅಡುಗೆ ಶಾಲೆಯೊಳಗೆ ಆಗುವುದಿಲ್ಲ, ದೊಡ್ಡ ಅಡುಗೆಮನೆಯಿಂದ ಸ್ಟೀಲಿನ ಡಬ್ಬಗಳಲ್ಲಿ ವ್ಯಾನಿನಲ್ಲಿ ಬರುತ್ತದೆ. ಶುಕ್ರವಾರ ಸಾರಿನ ಡಬ್ಬದಲ್ಲಿ ತಳ ಮುಚ್ಚುವಷ್ಟಾದರೂ ಉಳಿಯುತ್ತಿತ್ತು. ಸೋಮವಾರ, ರಜೆಯ ಹಸಿವು ಹೊತ್ತು ಬಂದ ಮಕ್ಕಳಿಗೆ, ಸಾರಿರಲಿ, ಡಬ್ಬಕ್ಕೆ ಅಂಟಿದ ಅನ್ನವನ್ನೂ ಕೆರೆದು ಬಡಿಸಬೇಕಾಗುತ್ತಿತ್ತು. ಆ ಮಕ್ಕಳ ಅಪ್ಪ ಅಮ್ಮ ಸೋಮಾರಿಗಳಲ್ಲ. ಇಬ್ಬರೂ ಬೆಳಿಗ್ಗೆ ಏಳಕ್ಕೇ ಗಾರೆ ಕೆಲಸಕ್ಕೋ ಮನೆಗೆಲಸಕ್ಕೋ ಹೊರಟಿರುತ್ತಾರೆ. ರಜೆಯ ದಿನ ಅಮ್ಮ ಬೆಳಿಗ್ಗೆ ಮಾಡಿಟ್ಟ ಚಿತ್ರಾನ್ನ ಹತ್ತು ಗಂಟೆಗೇ ಮುಗಿದಿರುತ್ತದೆ. ಆಮೇಲೆ ಹತ್ತು ವರ್ಷದ ಅಕ್ಕ ನಾಲ್ಕು ವರ್ಷದ ತಮ್ಮನನ್ನು ಎತ್ತಿಕೊಂಡು ಬೀದಿ ಅಂಗಡಿಗೆ ಹೋಗಿ ಐದು ರೂಪಾಯಿಯ ಕುರುಕಲು ಪೊಟ್ಟಣ ತರುತ್ತಾಳೆ. ಅದೇ ಮಧ್ಯಾಹ್ನದ ಊಟ. ಶಾಲೆ ಇರುವ ದಿನ ಅವಳಿಗೆ ಅನ್ನ, ಸಾರು, ಮೊಟ್ಟೆ, ಹಾಲು. ರಜೆ ಬಂದರೆ ಪೊಟ್ಟಣ.

ರಮೇಶ, ನಿನಗೆ ಉತ್ತರವೂ ಇಲ್ಲೇ ಇದೆ. ಮನೆಯಲ್ಲಿ ಅಕ್ಕಿ ಇಲ್ಲ ಎಂದು ಯಾರು ಹೇಳಿದರು? 2013ರ ಜುಲೈಯಿಂದ ಅನ್ನಭಾಗ್ಯ ನಡೆಯುತ್ತಿದೆ, ಅದು ದೊಡ್ಡ ಕೆಲಸ, ನಾನು ಒಂದು ಮಾತೂ ಕಡಿಮೆ ಆಡುವುದಿಲ್ಲ. ಆದರೆ ಮೂಟೆಯಲ್ಲಿರುವ ಅಕ್ಕಿ ಮಧ್ಯಾಹ್ನ ಒಂದು ಗಂಟೆಗೆ ತಾನಾಗಿ ಬೇಯುವುದಿಲ್ಲ. ಬೇಯಿಸಲು ದೊಡ್ಡವರು ಮನೆಯಲ್ಲಿರಬೇಕು. ಹತ್ತು ವರ್ಷದ ಹುಡುಗಿಯ ಕೈಗೆ ಗ್ಯಾಸ್ ಒಲೆ ಕೊಟ್ಟು ಹೋಗಲು ಯಾವ ತಾಯಿಗೆ ಧೈರ್ಯ ಬರುತ್ತದೆ? ಇನ್ನೊಂದು ವಿಷಯ: ರಜೆಯಲ್ಲಿ ಮಗು ಕಳೆದುಕೊಳ್ಳುವುದು ಅಕ್ಕಿಯನ್ನಷ್ಟೇ ಅಲ್ಲ. ಬಿಸಿಯೂಟದ ಲೆಕ್ಕದಲ್ಲಿ ಕಿರಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಇರಬೇಕು. ಅದರ ಮೇಲೆ 2013ರಲ್ಲೇ ಶುರುವಾದ ಕ್ಷೀರಭಾಗ್ಯದ ಹಾಲು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಹಣ ಕೊಡಲು ಒಪ್ಪಿದ ಮೇಲೆ ವಾರಕ್ಕೆ ಆರು ದಿನ ಮೊಟ್ಟೆ, ಬೇಡವೆನ್ನುವವರಿಗೆ ಬಾಳೆಹಣ್ಣೋ ಚಿಕ್ಕಿಯೋ. ರಜೆಯ ದಿನ ಬೇಳೆ, ಹಾಲು, ಮೊಟ್ಟೆ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಅನ್ನಭಾಗ್ಯದ ಅಕ್ಕಿ ಆ ಜಾಗ ತುಂಬುವುದಿಲ್ಲ.

ಒಂದು ನಿಮಿಷ, ಬಾಗಿಲಲ್ಲಿ ಸೊಪ್ಪಿನವಳು ಕೂಗುತ್ತಿದ್ದಾಳೆ.

ಹಾಂ, ಬಂದೆ. ದಂಟಿನ ಸೊಪ್ಪು ಕಟ್ಟಿಗೆ ಎಷ್ಟು ಹೇಳಿದಳು ಎಂದು ಕೇಳಬೇಡಿ, ಈಗ ಆ ಜಗಳ ಬೇಡ.

ಭಾವ, ನೀವು ಲೆಕ್ಕಪತ್ರ ನೋಡಿದವರು, ಕಾನೂನಿನ ಮಾತೂ ಆಡೋಣ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಐದನೆಯ ಸೆಕ್ಷನ್ನಿನಲ್ಲಿ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಪ್ರತಿದಿನ ಒಂದು ಉಚಿತ ಊಟ ಎಂದು ಹೇಳಿ, ಅದರ ಬೆನ್ನಿಗೇ ‘ಶಾಲಾ ರಜಾದಿನಗಳನ್ನು ಬಿಟ್ಟು’ ಎಂದು ಸೇರಿಸಿದ್ದಾರೆ. ಆದರೆ ಅದಕ್ಕೂ ಎಷ್ಟೋ ಮೊದಲೇ, 2001ರ ನವೆಂಬರಿನಲ್ಲಿ ಬೇಯಿಸಿದ ಊಟ ಕೊಡಿ ಎಂದು ರಾಜ್ಯಗಳಿಗೆ ಹೇಳಿದ್ದ ಸುಪ್ರೀಂ ಕೋರ್ಟು, 2004ರ ಏಪ್ರಿಲಿನಲ್ಲಿ ಅದೇ ಮೊಕದ್ದಮೆಯಲ್ಲಿ ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಬೇಕೆಂದು ಆದೇಶಿಸಿತು. ನಮ್ಮ ರಾಜ್ಯವೂ ಬರದ ವರ್ಷಗಳಲ್ಲಿ ಹಾಗೆ ಮಾಡಿದೆ, 2024ರ ಬೇಸಿಗೆಯಲ್ಲೂ ಬರಪೀಡಿತ ತಾಲೂಕುಗಳಲ್ಲಿ ರಜೆಯ ಊಟ ನಡೆಯಿತು. ಆದ್ದರಿಂದ ರಜೆಯಲ್ಲಿ ಸರ್ಕಾರ ಉಣಿಸಬೇಕೇ ಎಂಬುದು ಇಂದು ನಂದಿನಿ ಹುಟ್ಟುಹಾಕಿದ ಪ್ರಶ್ನೆಯಲ್ಲ. ಬರ ಬಂದರೆ ಉಣಿಸಬೇಕು ಎಂದು ಇಪ್ಪತ್ತು ವರ್ಷಗಳ ಹಿಂದೆಯೇ ತೀರ್ಮಾನವಾಗಿದೆ. ಬರ ಯಾರಿಗೆ ಬಂದಿದೆ ಎಂದು ಹೇಗೆ ಗುರುತಿಸುತ್ತೇವೆ ಎನ್ನುವುದಷ್ಟೇ ಉಳಿದಿರುವ ಪ್ರಶ್ನೆ.

ನನ್ನ ತಕರಾರು ಇರುವುದು ಅಲ್ಲಿಯೇ. ಬರವನ್ನು ತಾಲೂಕಿನ ಲೆಕ್ಕದಲ್ಲಿ ಘೋಷಿಸುತ್ತಾರೆ, ಮಳೆ ಅಳೆದು, ಬೆಳೆ ನೋಡಿ. ಯಾದಗಿರಿ ಕಡೆಯ ಒಂದು ತಾಲೂಕಿನಲ್ಲಿ ಬರ ಎಂದಾದರೆ ಅಲ್ಲಿಯ ಶಾಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಅನ್ನ ಬೇಯುತ್ತದೆ. ಆದರೆ ಬರ ಬಂದ ಕೂಡಲೇ ಆ ಊರಿನ ಜನ ಏನು ಮಾಡುತ್ತಾರೆ? ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಬಸ್ಸು ಹತ್ತುತ್ತಾರೆ. ವೈಟ್‌ಫೀಲ್ಡಿನ ಕಡೆ, ಸರ್ಜಾಪುರ ರಸ್ತೆಯಲ್ಲಿ, ಹೆಣ್ಣೂರಿನ ಆಚೆ ಏಳುತ್ತಿರುವ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಇರುತ್ತಾರೆ. ಊಟ ಅಲ್ಲಿ, ಮಗು ಇಲ್ಲಿ! ಇಲ್ಲಿಯ ಶಾಲೆಯ ಹಾಜರಿ ಪುಸ್ತಕದಲ್ಲಿ ಅದರ ಹೆಸರಿಲ್ಲ, ಊರಿನ ಪುಸ್ತಕದಲ್ಲಿ ಹೆಸರಿನ ಮುಂದೆ ಗೈರು. ರಜೆಯೂಟದ ಹಾಜರಾತಿ ಕಡಿಮೆ ಬಂದರೆ, ‘ನೋಡಿ, ಮಕ್ಕಳೇ ಬರುವುದಿಲ್ಲ, ಯೋಜನೆ ದಂಡ’ ಎಂದು ಹೇಳುವವರಿಗೆ ಅದೇ ಸಾಕ್ಷಿಯಾಗುತ್ತದೆ. ಕೆಲವರು ಅಜ್ಜಿ ಮನೆಗೆ ಹೋಗಿರುತ್ತಾರೆ, ನಿಜ. ಕೆಲವರಿಗೆ ಆ ಬಿಸಿಲಿನಲ್ಲಿ ಒಂದೂವರೆ ಕಿಲೋಮೀಟರು ನಡೆಯಲು ಆಗುವುದಿಲ್ಲ, ಅದೂ ನಿಜ. ಇನ್ನು ಕೆಲವರು ನಮ್ಮ ಊರಿನಲ್ಲೇ, ಸಿಮೆಂಟಿನ ಚೀಲಗಳ ನಡುವೆ ಆಡುತ್ತಿರುತ್ತಾರೆ.

ಹಾಗಾಗಿ ನಂದಿನಿ, ನಿನ್ನ ಮನವಿಗೆ ನಾನು ಸಹಿ ಹಾಕುತ್ತೇನೆ, ಆದರೆ ಅದನ್ನು ಸ್ವಲ್ಪ ಬಿಚ್ಚಿ ಹೊಲಿಯಬೇಕು. ಎಲ್ಲ ಶಾಲೆಗಳನ್ನೂ ರಜೆಯಲ್ಲಿ ತೆರೆದಿಡಿ ಎಂದು ಕೇಳಿದ್ದೀಯೆ. ಬೆಂಗಳೂರಿಗೆ ಅದು ಬೇಡ. ಸುಧಾ ಅತ್ತಿಗೆ ಹೇಳುವುದರಲ್ಲಿ ನ್ಯಾಯವಿದೆ. ಶಿಕ್ಷಕರನ್ನು ಗಣತಿಗೆ, ಚುನಾವಣೆಗೆ, ಸಮೀಕ್ಷೆಗೆ ಎಳೆದು ಸಾಕುಮಾಡಿದ್ದಾರೆ, ಇನ್ನು ಸೌಟನ್ನೂ ಅವರ ಕೈಗೇ ಕೊಡುವುದು ಬೇಡ. ಸಮೀಕ್ಷೆ ಎಂದಾಗ ನೆನಪಾಯಿತು. 2025ರ ದಸರಾದಲ್ಲಿ ಜಾತಿ ಸಮೀಕ್ಷೆ ಮುಗಿಯಲಿಲ್ಲವೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದರು. ಬಿಸಿಯೂಟ ಇರುವುದೂ ಆ ಶಾಲೆಗಳಲ್ಲೇ. ಪಾಠ ತಪ್ಪಿತು ಎಂದು ಪತ್ರಿಕೆಗಳಲ್ಲಿ ಚರ್ಚೆ ಬಂತು, ಊಟ ತಪ್ಪಿದ್ದರ ಬಗ್ಗೆ ನನ್ನ ಕಣ್ಣಿಗೆ ಒಂದು ಸಾಲೂ ಬೀಳಲಿಲ್ಲ.

ಶಾಲೆಯ ಬದಲು ಏನು ಎಂದರೆ, ಈ ನಗರದಲ್ಲಿ ಒಲೆಗಳಿಗೆ ಬರವೇ? 2017ರ ಆಗಸ್ಟಿನಿಂದ ಇಂದಿರಾ ಕ್ಯಾಂಟೀನುಗಳಿವೆ. ಶುರುವಾದಾಗಲೇ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ಹದಿನಾಲ್ಕು ವರ್ಷದೊಳಗಿನ ಯಾವ ಮಗು ಬಂದು ತಟ್ಟೆ ಹಿಡಿದರೂ ರಜೆಯ ದಿನಗಳಲ್ಲಿ ದುಡ್ಡು ಕೇಳಬೇಡಿ, ಜೊತೆಗೆ ಒಂದು ಮೊಟ್ಟೆ ಹಾಕಿ, ಆಧಾರ್ ಕೇಳಬೇಡಿ, ಯಾವ ಶಾಲೆ ಎಂದು ಕೇಳಬೇಡಿ. ಆ ತಟ್ಟೆಗಳ ದುಡ್ಡನ್ನು ಶಿಕ್ಷಣ ಇಲಾಖೆ ಕಟ್ಟಲಿ. ಕ್ಯಾಂಟೀನು ದೂರವಿರುವ ಕಡೆ, ಶಾಲೆಗಳಿಗೆ ಹೋಗುತ್ತಿದ್ದ ವ್ಯಾನುಗಳು ರಜೆಯಲ್ಲಿ ಶೆಡ್ಡುಗಳಿಗೆ ಹೋಗಲಿ. ಶಾಲೆಗಳಿಗೆ ಊಟ ಮಾಡಿ ಕಳುಹಿಸುವ ಅಕ್ಷಯ ಪಾತ್ರ ಸಂಸ್ಥೆ 2000ನೇ ಇಸವಿಯಲ್ಲಿ ಈ ಬೆಂಗಳೂರಿನಲ್ಲಿ ಐದು ಶಾಲೆಗಳಿಂದಲೇ ಶುರುಮಾಡಿದ್ದು. ದೊಡ್ಡ ಅಡುಗೆಮನೆಯಿಂದ ಊರೆಲ್ಲ ಊಟ ಸಾಗಿಸುವ ವಿದ್ಯೆಯನ್ನು ನಾವು ಬೇರೆ ಕಡೆ ಹೋಗಿ ಕಲಿಯಬೇಕಾಗಿಲ್ಲ. ಹಳ್ಳಿಗಳ ಮಾತು ಬೇರೆ. ಅಲ್ಲಿ ಶಾಲೆಯಲ್ಲೇ ಬೇಯಿಸುವ ಅಕ್ಷರ ದಾಸೋಹದ ಹೆಂಗಸರಿಗೆ ಕೇಂದ್ರದ ನಿಯಮದಂತೆ ಗೌರವಧನದ ಲೆಕ್ಕ ವರ್ಷಕ್ಕೆ ಹತ್ತೇ ತಿಂಗಳು. ರಜೆಯಲ್ಲಿ ಒಲೆ ಉರಿದರೆ ಅವರಿಗೂ ಎರಡು ಕಾಸು.

ಅಕ್ಕಿ ಬೇಳೆಯನ್ನೇ ಮನೆಗೆ ಕೊಟ್ಟುಬಿಡಬಹುದಲ್ಲ ಎಂದೂ ಯಾರೋ ಬರೆದಿದ್ದಾರೆ. ಕೊರೋನಾ ಕಾಲದಲ್ಲಿ ಹಾಗೆಯೇ ಮಾಡಿದೆವು, ನಾನೇ ಸೀಮೆಸುಣ್ಣದ ಗುರುತಿನೊಳಗೆ ನಿಂತವರಿಗೆ ತೊಗರಿಬೇಳೆ ಅಳೆದುಕೊಟ್ಟಿದ್ದೇನೆ. ಏನೂ ಇಲ್ಲದ ಹೊತ್ತಿಗೆ ಅದು ಸರಿ. ಆದರೆ ಮನೆಗೆ ಹೋದ ಬೇಳೆ ಐವರ ಪಾತ್ರೆಗೆ ಬೀಳುತ್ತದೆ, ಅದು ತಪ್ಪೂ ಅಲ್ಲ. ದುಡ್ಡಿನ ದಾರಿ ಇನ್ನೂ ತೆಳು. 2021ರಲ್ಲಿ ಕೇಂದ್ರ ಬಿಸಿಯೂಟದ ಅಡುಗೆ ವೆಚ್ಚವೆಂದು ಒಂದೇ ಸಲ ಮಗುವಿಗೆ ಸುಮಾರು 100 ರೂಪಾಯಿ ಕೊಡುತ್ತೇವೆ ಎಂದಿತ್ತು. ತಟ್ಟೆಗೆ ಬಿದ್ದ ಬಿಸಿ ಅನ್ನವಾದರೆ ಆ ಮಗುವೇ ಉಣ್ಣುತ್ತದೆ.

ಖರ್ಚು ಎಷ್ಟು ಎಂದು ಭಾವ ಕೇಳಿಯೇ ಕೇಳುತ್ತೀರಿ. 2025ರ ಮೇ ತಿಂಗಳಿಂದ ಕೇಂದ್ರ ನಿಗದಿ ಮಾಡಿರುವ ಸಾಮಗ್ರಿ ವೆಚ್ಚ ಕಿರಿಯ ಪ್ರಾಥಮಿಕಕ್ಕೆ ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ, ಹಿರಿಯ ಪ್ರಾಥಮಿಕಕ್ಕೆ 10 ರೂಪಾಯಿ 17 ಪೈಸೆ. ಧಾನ್ಯ ಬೇರೆ ಬರುತ್ತದೆ. ನಲವತ್ತು ದಿನ ಎಂದು ಹಿಡಿದರೂ ಹಿರಿಯ ಮಗುವೊಂದಕ್ಕೆ 407 ರೂಪಾಯಿ ದಾಟುವುದಿಲ್ಲ. ಮೊಟ್ಟೆ, ಸಾಗಣೆ, ಕೂಲಿ ಸೇರಿಸಿ ದುಪ್ಪಟ್ಟು ಮಾಡಿಕೊಳ್ಳಿ. ನಾವೆಲ್ಲ ಸೇರಿದಾಗ ದರ್ಶಿನಿಯಲ್ಲಿ ಒಂದು ಸಂಜೆಗೆ ಕೊಡುವ ಬಿಲ್ಲಿಗೆ ಅದು ಹತ್ತಿರ ಬರುತ್ತದೆ. ಕಟ್ಟಡ ಕಾರ್ಮಿಕರ ಮಕ್ಕಳ ಪಾಲಿಗೆ ಹೊಸ ತೆರಿಗೆಯೂ ಬೇಡ. 1996ರ ಕಾನೂನಿನಿಂದ ಶುರುವಾದ ವ್ಯವಸ್ಥೆಯಲ್ಲಿ ಕಟ್ಟಡದ ವೆಚ್ಚದ ಶೇಕಡಾ ಒಂದರಷ್ಟು ಸೆಸ್ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನ ಬೆಲೆಯಲ್ಲೂ ಅದು ಸೇರಿದೆ ಭಾವ, ನೀವು ಆಗಲೇ ಕೊಟ್ಟಾಗಿದೆ.

ಬಿಟ್ಟಿ ಊಟ ಅಭ್ಯಾಸವಾಗುತ್ತದೆ ಎಂದಿರಲ್ಲ, ಅದಕ್ಕೆ ನಿಮ್ಮ ತಂದೆಯವರ ಮಾತನ್ನೇ ನೆನಪಿಸುತ್ತೇನೆ. ಅವರು ಚಾಮರಾಜಪೇಟೆಯಲ್ಲಿ ವಾರಾನ್ನ ಉಂಡು ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಆ ಮನೆಯವರು ಮದುವೆಗೋ ಯಾತ್ರೆಗೋ ಊರಿಗೆ ಹೋದರೆ ಆ ವಾರ ಆ ದಿನದ ಊಟವಿಲ್ಲ. ಬೀಗ ಹಾಕಿದ ಬಾಗಿಲು ನೋಡಿ, ಬೀದಿ ನಲ್ಲಿಯ ನೀರು ಕುಡಿದು ಹೋಗಿ ಮಲಗುತ್ತಿದ್ದೆ ಎಂದು ಅವರು ನನ್ನ ಮುಂದೆಯೇ ಹೇಳಿದ್ದಾರೆ. ಅವರಿಗೆ ಸಿಕ್ಕ ಮನೆಗಳೂ ಅವರ ಜಾತಿಯವರ ಮನೆಗಳೇ. ಬೇರೆ ಮಕ್ಕಳಿಗೆ ಆ ಬಾಗಿಲುಗಳೂ ಇರಲಿಲ್ಲ. ಸರ್ಕಾರದ ಸೌಟು ಜಾತಿ ಕೇಳುವುದಿಲ್ಲ ಎನ್ನುವ ಕಾರಣಕ್ಕೇ ನನಗೆ ದಾನಿಗಳಿಗಿಂತ ಅದರ ಮೇಲೆ ಹೆಚ್ಚು ನೆಚ್ಚಿಕೆ. ನಿಮ್ಮ ತಂದೆ ಆ ಊಟದಿಂದ ಸೋಮಾರಿಯಾದರೇ?

ನಿಮ್ಮ ಮಗ ಇರುವ ಇಂಗ್ಲೆಂಡಿನಲ್ಲೂ ಇದೇ ಜಗಳ ಆಗಿದೆ. 2020ರ ಅಕ್ಟೋಬರಿನಲ್ಲಿ ರಜೆಯ ಊಟ ಮುಂದುವರಿಸಬೇಕೆಂಬ ಪ್ರಸ್ತಾಪವನ್ನು ಅವರ ಸಂಸತ್ತು 261ಕ್ಕೆ 322 ಮತಗಳಿಂದ ತಳ್ಳಿಹಾಕಿತು. ಹೆತ್ತವರ ಹೊಣೆ ಎಂಬ ವಾದ ಅಲ್ಲಿಯೂ ಕೇಳಿಬಂತು. ಬಾಲ್ಯದಲ್ಲಿ ತಾನೇ ಉಚಿತ ಊಟ ಉಂಡಿದ್ದ ಮಾರ್ಕಸ್ ರಾಶ್‌ಫರ್ಡ್ ಎಂಬ ಫುಟ್‌ಬಾಲ್ ಆಟಗಾರ ಪಟ್ಟು ಬಿಡಲಿಲ್ಲ, ಮುಂದಿನ ತಿಂಗಳೇ ಸರ್ಕಾರ ದಾರಿ ಬದಲಿಸಿತು. ಅಷ್ಟು ಶ್ರೀಮಂತ ದೇಶದಲ್ಲೇ ಹೀಗೆ.

ಈಗ ಕೆಲಸದ ಮಾತು. ನಂದಿನಿ, ಮನವಿಯಲ್ಲಿ ಮೂರು ತಿದ್ದುಪಡಿ ಮಾಡು: ಶಾಲೆಗಳ ಬದಲು ಇಂದಿರಾ ಕ್ಯಾಂಟೀನು, ಶೆಡ್ಡುಗಳಿಗೆ ವ್ಯಾನು, ಖರ್ಚಿನ ಒಂದು ಪಾಲು ಕಾರ್ಮಿಕರ ಸೆಸ್ ನಿಧಿಯಿಂದ. ದಸರಾ ರಜೆಯನ್ನೂ ಸೇರಿಸು, ಎಲ್ಲರೂ ಬೇಸಿಗೆಯನ್ನು ಮಾತ್ರ ನೆನೆಯುತ್ತಾರೆ. ಭಾವ, ನಿಮಗೆ ಸಹಿ ಹಾಕಲು ಮನಸ್ಸಿಲ್ಲದಿದ್ದರೆ ಬೇಡ. ಆದರೆ ಇಲಾಖೆಗೆ ಹೋಗುವ ಕಾಗದವನ್ನು ಗುಮಾಸ್ತ ಮೊದಲ ಪುಟದಲ್ಲೇ ಪಕ್ಕಕ್ಕೆ ಸರಿಸದ ಹಾಗೆ ಬರೆಯುವುದು ನಮ್ಮಲ್ಲಿ ನಿಮಗೊಬ್ಬರಿಗೇ ಗೊತ್ತು. ಕರಡನ್ನು ಒಮ್ಮೆ ತಿದ್ದಿಕೊಡಿ. ಸಂಜೆ ಅಕ್ಕನ ಕೈಯಲ್ಲಿ ಮುದ್ರಿಸಿದ ಪ್ರತಿ ಕಳುಹಿಸುತ್ತೇನೆ, ಕೆಂಪು ಶಾಯಿಯ ಪೆನ್ನು ನಿಮ್ಮ ಮೇಜಿನ ಮೇಲೆ ಇದ್ದೇ ಇರುತ್ತದೆ.